ನಮ್ಮ ಪಾಳಿ ಕುಡಿದ ಕರೆಂಟ್ ಗಾಡಿ

ನನ್ನ ಮಗ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೂತು ಕಬ್ಬಿನ ಗಾಡಿ ತೂಗುವ ನೌಕರ. ಹೋದ ಬೇಸಿಗೆಯಲ್ಲಿ ಅವನ ತಲೆಯೊಳಗೆ ಕಾರು ಹೊಕ್ಕಿತು. ಹೊಸದಲ್ಲ, ಯಾರೋ ಹೊಡೆದು ಬಿಟ್ಟದ್ದು. ಅದೂ ಎಣ್ಣೆಯದಲ್ಲ, ಕರೆಂಟಿನದು.

ಕಾರು ಬೇಡ ಎಂದು ನಾನು ಹೇಳಲಿಲ್ಲ. ನಮ್ಮ ಮನೆ ಐನಾಪುರದ ಹೊರಗೆ ತೋಟದಲ್ಲಿದೆ. ಸೊಸೆ ಅಥಣಿಯ ಒಂದು ದವಾಖಾನೆಯಲ್ಲಿ ನರ್ಸ್. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಾಳೆ, ಬಂದವಳು ಮೊದಲು ಕಾಲು ಚಾಚುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಮೊಮ್ಮಗಳು ಕಾಲೇಜಿಗೆ ಹೋಗುವುದೂ ಅದೇ ಬಸ್ಸಿಗೆ. ಕಾರು ಬೇಕಾದದ್ದು ಅವರಿಬ್ಬರಿಗೆ. ಆದರೆ ಮಗ ಅವರ ಹೆಸರು ಹೇಳಿ ಶುರು ಮಾಡಲಿಲ್ಲ. ಅವನು ಶುರು ಮಾಡಿದ್ದು ಹೀಗೆ.

"ಅವ್ವಾ, ಎಣ್ಣಿ ಬ್ಯಾಡ, ಏನೂ ಬ್ಯಾಡ. ವಾಯರ್ ಹಚ್ಚೂದು, ಹತ್ತೂದು, ಹೋಗೂದು."

"ಕರೆಂಟ್ ಏನ ನಿಮ್ಮಪ್ಪ ಕೂಡಿಸಿಟ್ಟ ಹೋಗ್ಯಾನೇನು?"

"ನಮ್ಮ ಬಾವಿ ಮೋಟರಿಗೆ ಯಾವಾಗರ ಬಿಲ್ ಬಂದೈತೇನು? ಪುಕ್ಕಟೆ ಅದು. ಅಲ್ಲೇ ಬಾವಿ ಮ್ಯಾಲ ಗಾಡಿ ಹಚ್ಚೂದು."

ನೀರೆತ್ತುವ ಮೋಟರಿನ ಕರೆಂಟಿಗೆ ಸರ್ಕಾರ ಬಿಲ್ಲು ಕಳಿಸುವುದಿಲ್ಲ, ಅದು ಖರೆ. ಅದು ನೀರಿಗೆಂದು ಕೊಟ್ಟದ್ದು, ಕಾರಿಗೆಂದು ಅಲ್ಲ. ಆದರೆ ನಮ್ಮ ಕಡೆಯವರಿಗೆ ಪುಕ್ಕಟೆ ಎಂದು ಕೇಳಿದರೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ. ಎರಡು ದಿನದಲ್ಲಿ ತೋಟದ ಸಾಲಿನವರಿಗೆಲ್ಲ ಸುದ್ದಿ ಹೋಯಿತು. ಡೇರಿಯಲ್ಲಿ ಹಾಲು ಹಾಕಲು ಹೋದರೆ, ಕ್ಯಾನು ಹಿಡಿದವರೆಲ್ಲ "ನಿಮ್ಮ ಮಗ ಶಾಣ್ಯಾ ಅದಾನ ಬಿಡ್ರಿ" ಎಂದರು. ಬಾವಿಗೆ ಕಾರು ಕಟ್ಟುವವನು ಶಾಣ್ಯಾ ಆದರೆ ಹುಚ್ಚ ಯಾರು ಎಂದು ಕೇಳಬೇಕೆನಿಸಿತು. ಹಾಲು ತೂಗಿಸಿಕೊಂಡು ಬಂದೆ.

ರೊಕ್ಕದ ಮಾತು ಬಂತು. ಬ್ಯಾಂಕಿನವರು ಗಾಡಿ ಹಳೆಯದು, ಅದರ ಬ್ಯಾಟರಿ ಎಷ್ಟು ದಿನ ಬಾಳುತ್ತದೋ ಗೊತ್ತಿಲ್ಲ ಎಂದು ಕೈ ಎತ್ತಿದರು. ಮಗನ ಪಗಾರದಲ್ಲಿ ಮೋಟರ್ ಸೈಕಲ್ಲಿನ ಕಂತು, ಮನೆಯ ಸ್ಲ್ಯಾಬಿನ ಕಂತು ಹೋಗಿ ಉಳಿಯುವುದು ಚಹಾಕ್ಕೆ. ಸೊಸೆಯ ಪಗಾರದ ಮೇಲೆ ಮನೆ ನಡೆಯುತ್ತದೆ. ಕೊನೆಗೆ ಊರಿನ ಸಾಲದ ಸಂಘದ, ಅಂದರೆ ಪತ್ಸಂಸ್ಥೆಯ, ಮ್ಯಾನೇಜರ್ ಒಂದು ದಾರಿ ತೋರಿಸಿದನಂತೆ. ನಿಮ್ಮ ತಾಯಿಯ ಹಾಲಿನ ಬಿಲ್ಲು ಬರೆದುಕೊಟ್ಟರೆ ಸಾಲ ಕೊಡುತ್ತೇವೆ ಎಂದು.

ಹಾಲಿನ ಬಿಲ್ಲು ಎಂದರೆ ನನ್ನದು. ನನ್ನವು ಎರಡು ಎಮ್ಮೆ. ಹತ್ತು ದಿನಕ್ಕೊಮ್ಮೆ ಡೇರಿಯವರು ಬಿಲ್ಲು ಮಾಡಿ ರೊಕ್ಕ ಕೊಡುತ್ತಾರೆ. ಬರೆದುಕೊಟ್ಟರೆ ಆ ರೊಕ್ಕ ನನ್ನ ಕೈಗೆ ಬರುವ ಮೊದಲೇ ಪತ್ಸಂಸ್ಥೆಯವರು ಕಂತು ಕಡಿದುಕೊಳ್ಳುತ್ತಾರೆ.

"ಹೆಸರಿಗಷ್ಟ ಅವ್ವಾ," ಎಂದ ಮಗ. "ಎಣ್ಣಿ ಉಳದ ರೊಕ್ಕದಾಗ ಕಂತ ನಾನ ಕಟ್ಟತೇನಿ. ನಿನ್ನ ಬಿಲ್ಲಿಗೆ ಯಾರೂ ಕೈ ಹಚ್ಚಾಂಗಿಲ್ಲ."

ಕೈ ಹಚ್ಚದಿದ್ದರೆ ಬರೆಸಿಕೊಳ್ಳುವುದು ಯಾಕೆ?

ನನ್ನ ಗಂಡ ಕೆಟ್ಟವನಲ್ಲ. ಹೊಡೆಯಲಿಲ್ಲ, ಕುಡಿಯಲಿಲ್ಲ. ಆದರೆ ನನಗೆ ಮಿಶ್ರಿಯ ಚಟ. ತಂಬಾಕು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು, ನಮ್ಮ ಕಡೆಯ ಹೆಂಗಸರಿಗೆಲ್ಲ ಇದ್ದದ್ದೇ. ಆ ತಂಬಾಕಿಗೆ ಅವನ ಮುಂದೆ ನಿಲ್ಲಬೇಕಾಗಿತ್ತು. ಕೊಡುತ್ತಿದ್ದ. ಕೊಡುವ ಮುಂದೆ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದ: "ಮೊನ್ನೆ ಕೊಟ್ಟಿದ್ದ ಏನಾತು?" ಸಂಸಾರ ಮಾಡಿದಷ್ಟು ಕಾಲವೂ ನಾನು ಆ ಮಾತು ಕೇಳಿದೆ. ಅವನು ಹೋದ ಮೇಲೆ ಎಮ್ಮೆ ಕಟ್ಟಿದೆ, ಡೇರಿಯಲ್ಲಿ ನನ್ನ ಹೆಸರು ಹಚ್ಚಿಸಿದೆ. ಅಂದಿನಿಂದ ಮಿಶ್ರಿಗಾಗಲಿ, ಯಡೂರಿನ ಗುಡಿಗೆ ಹೋಗುವ ಬಸ್ಸಿಗಾಗಲಿ, ಮೊಮ್ಮಗಳ ಬಳೆಗಾಗಲಿ ಯಾರ ಮುಂದೆಯೂ ನಿಂತಿಲ್ಲ. ಕಾರು ಬಂದರೆ ಬರಲಿ. ಮತ್ತೆ ಆ ಪ್ರಶ್ನೆ ಕೇಳಿಸಿಕೊಳ್ಳಲು ನಾನು ತಯಾರಿರಲಿಲ್ಲ.

"ಎಮ್ಮಿ ಕೊಳ್ಳಾಕ ಹೋದ್ರ ಮೂರ ಹೊತ್ತ ಹಿಂಡಿ ನೋಡಿ ರೊಕ್ಕಾ ಕೊಡತೀವಿ," ಎಂದೆ. "ಇದನ್ನೂ ನಾಕ ದಿನಾ ಮನ್ಯಾಗ ಕಟ್ಟಿ ನೋಡೂನು. ಆಮ್ಯಾಲ ಸಹಿ ಮಾತು."

"ಕಾರಿಗೆ ಹಂಗ ನಡ್ಯಾಂಗಿಲ್ಲ ಅವ್ವಾ, ನಗತಾರು."

"ನಗಲಿ. ಹಲ್ಲ ನಮಗೂ ಅದಾವು."

ನಿಪ್ಪಾಣಿಗೆ ನಾವು ನಾಲ್ವರೂ ಹೋದೆವು. ಮಗ ಮೋಟರ್ ಸೈಕಲ್ಲಿನ ಮೇಲೆ, ನಾವು ಹೆಂಗಸರು ಬಸ್ಸಿನಲ್ಲಿ. ಹೈವೇ ದಂಡೆಗೆ ತಗಡಿನ ಕೆಳಗೆ ಹಳೆ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಮಾರುವವನು ಅತ್ತರು ಬಡಿದುಕೊಂಡಿದ್ದ. "ಯಾ, ಯಾ, ಬಸಾ," ಎಂದು ಕುರ್ಚಿ ಹಾಕಿದ. ನನ್ನ ಮಗನಿಗೆ ಮರಾಠಿ ಮಾತಾಡುವವನನ್ನು ಕಂಡರೆ ತಾನೂ ಸಾಹೇಬನಾದ ಹಾಗೆ ಆಗುತ್ತದೆ. ಬೆನ್ನು ನೆಟ್ಟಗೆ ಮಾಡಿ ಹೋ, ಹೋ ಎನ್ನತೊಡಗಿದ.

ಗಾಡಿ ಬೆಳ್ಳಗಿತ್ತು. ಮಾರುವವನು ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದ.

"ಆಜಿ, ಒಂದ ಕೈಯಾಗಿನ ಗಾಡಿರಿ ಇದು. ಡಾಕ್ಟರ್ ಬಾಯಿ ಹೊಡದಾಳ. ದವಾಖಾನಿಗೆ ಹೋಗೂದು, ಮನಿಗೆ ಬರೂದು, ಅಷ್ಟ."

ನಮ್ಮ ಸೀಮೆಯಲ್ಲಿ ಮಾರಾಟಕ್ಕೆ ಬಂದ ಹಳೆ ಗಾಡಿಗಳನ್ನೆಲ್ಲ ಡಾಕ್ಟರ್ ಬಾಯಿಯೇ ಹೊಡೆದಿರುತ್ತಾಳೆ. ಸಂತೆಗೆ ಬಂದ ಎಮ್ಮೆಗಳೆಲ್ಲ ಎರಡನೇ ಸೂಲಿನವೇ ಇದ್ದ ಹಾಗೆ.

"ಅಷ್ಟ ಚಲೋ ಇದ್ರ ಆಕಿ ಯಾಕ ಮಾರ್ಯಾಳು?"

"ದೊಡ್ಡ ಗಾಡಿ ತಗೊಂಡಾಳ್ರಿ ಆಜಿ."

"ಎಮ್ಮಿ ಮಾರಾವ್ರೂ ಮನ್ಯಾಗ ಮೇವ ಇಲ್ಲಂತ ಹೇಳತಾರು. ಕೆಚ್ಚಲ ಬತ್ತೈತಿ ಅಂತ ಹೇಳಿದಾವನ್ನ ನಾ ಇನ್ನೂ ಕಂಡಿಲ್ಲ."

ಮಗ ನನ್ನ ಕಾಲು ತುಳಿದ. ಮಾರುವವನು ನಕ್ಕು ಫೋನಿನಲ್ಲಿ ಏನೋ ತೆಗೆದು, ಬ್ಯಾಟರಿ ನೂರಕ್ಕೆ ತೊಂಬತ್ತು ಟಕ್ಕೆ ಐತಿ ಎಂದು ತೋರಿಸಿದ. ಅವನ ಫೋನು, ಅವನ ಬೆರಳು, ಅವನ ತೊಂಬತ್ತು. ನಾನು ನನ್ನ ಮಾತು ಬಿಡಲಿಲ್ಲ. ನಾಲ್ಕು ದಿನ ಕೊಡು, ಇಲ್ಲದಿದ್ದರೆ ಬೇಡ. ಅವನ ಗಾಡಿ ಬಹಳ ದಿನದಿಂದ ಅಲ್ಲೇ ನಿಂತಿತ್ತೋ ಏನೋ, ಒಪ್ಪಿದ. ಮುಂಗಡವಾಗಿ ಇಸಾರ ಕೊಟ್ಟು ಒಯ್ಯಿರಿ, ಸೋಮವಾರ ಸಾಲ ಮಂಜೂರಾದರೆ ಉಳಿದದ್ದು ಕೊಡಿರಿ, ಗಾಡಿ ಬೇಡವಾದರೆ ಇಸಾರ ಮರಳಿ ಕೊಡುವುದಿಲ್ಲ, ಅಲ್ಲಿಯವರೆಗೆ ನಿಮ್ಮ ಮೋಟರ್ ಸೈಕಲ್ಲು ಇಲ್ಲೇ ಇರಲಿ ಎಂದ.

ಇಸಾರ ಎಂದೊಡನೆ ಮಗ ತನ್ನ ಕಿಸೆ ನೋಡಲಿಲ್ಲ. ನನ್ನ ಸೀರೆಯ ಗಂಟು ನೋಡಿದ. ಬಿಚ್ಚಿ ಕೊಟ್ಟೆ. ಯಾಕೆ ಕೊಟ್ಟೆ ಎಂದರೆ, ಸೊಸೆ ಆಗಲೇ ಗಾಡಿಯೊಳಗೆ ಕೂತು ಕಣ್ಣು ಮುಚ್ಚಿದ್ದಳು.

ಒಂದು ಮಾತು ಹೇಳಬೇಕು. ಆ ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ಸಪ್ಪಳವಿಲ್ಲದೆ ಹೋಗುತ್ತದೆ, ಒಳಗೆ ತಂಪು. ಚಿಕ್ಕೋಡಿ ಬರುವುದರೊಳಗೆ ನನಗೂ ನಿದ್ದೆ ಹತ್ತಿತು.

ನಿದ್ದೆ ಕೆಡಿಸಿದ್ದು ಮಗ. ದಾರಿಯಲ್ಲಿ ಯಡೂರಿಗೆ ಹೊರಳಿಸಿ ವೀರಭದ್ರನ ಗುಡಿಯ ಮುಂದೆ ಗಾಡಿ ನಿಲ್ಲಿಸಿದ. ಹೂವಿನ ಮಾಲೆ, ಕುಂಕುಮ, ಗಾಲಿಯ ಕೆಳಗೆ ಲಿಂಬೆಹಣ್ಣು.

"ಗಾಡಿ ಇನ್ನೂ ನಮ್ಮದ ಆಗಿಲ್ಲ. ಯಾರ ಹೆಸರಲೆ ಪೂಜಿ ಇದು?" ಎಂದೆ.

"ದೇವರಿಗೆ ಗೊತ್ತಾಗತೈತಿ ಬಿಡ ಅವ್ವಾ."

ಅವನು ಗಾಡಿಯ ಮುಂದೆ ಕೈಕಟ್ಟಿ ನಿಂತು ಫೋಟೋ ಹೊಡೆಸಿಕೊಂಡ. ಅಲ್ಲೇ ನಿಂತು ರಾಯಬಾಗದ ಬೀಗರಿಗೆ, ಕಾಗವಾಡದ ಅಕ್ಕನ ಮನೆಗೆ, ಕಾರ್ಖಾನೆಯ ಕಾಟಾದವರಿಗೆಲ್ಲ ಕಳಿಸಿದ. ದೇವರಿಗಿಂತ ಮೊದಲು ಬೀಗರಿಗೆ ಗೊತ್ತಾಯಿತು.

ಕೃಷ್ಣೆಯ ಸೇತುವೆ ದಾಟಿದ ಮೇಲೆ ಮುಂದೆ ಕೂತ ಮೊಮ್ಮಗಳು ಗಾಡಿಯ ಪಾಟಿಯ ಮೇಲಿನ ಬ್ಯಾಟರಿಯ ಅಂಕಿ ಓದತೊಡಗಿದಳು. ಅಪ್ಪಾ, ಮೂವತ್ತು. ಅಪ್ಪಾ, ಇಪ್ಪತ್ತೆಂಟು. ಊರು ಬರುವುದಕ್ಕಿಂತ ಬೇಗ ಅಂಕಿ ಇಳಿಯುತ್ತಿತ್ತು. ಮಗ ಮೊದಲು ತಂಪು ಬಂದ್ ಮಾಡಿದ. ಆಮೇಲೆ ಹಾಡು ಬಂದ್ ಮಾಡಿದ. ಆಮೇಲೆ ಎಷ್ಟು ಸಾವಕಾಶ ಹೊಡೆದನೆಂದರೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರು ಹಾರ್ನು ಹಾಕಿ ನಮ್ಮನ್ನು ಹಿಂದೆ ಹಾಕಿತು.

"ಬಸ್ಸಿನ್ಯಾಗ ಗಾಳಿಯಾದ್ರೂ ಬರತಿತ್ತು," ಎಂದಳು ಸೊಸೆ, ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತ.

"ಕಿಡಕಿ ತಗೀ."

"ತಗದೇನಿ. ಗಾಳಿ ಬರಬೇಕಂದ್ರ ಗಾಡಿ ಓಡಬೇಕ್ರಿ."

ಮನೆ ಮುಟ್ಟಿದೆವು. ಇನ್ನು ಬಾವಿಯ ಮಾತು.

ನಮ್ಮ ಬಾವಿ ಭಾಗದ್ದು. ನನ್ನ ಗಂಡ ಮತ್ತು ಮೈದುನ ಇಬ್ಬರಿಗೂ ಸೇರಿದ್ದು. ಇಬ್ಬರೂ ಈಗಿಲ್ಲ, ಆದರೆ ಅವರು ಹಾಕಿದ ಪಾಳಿ ಇದೆ. ಎರಡು ದಿನ ನಾವು ನೀರು ಬಿಟ್ಟುಕೊಳ್ಳುವುದು, ಎರಡು ದಿನ ಮೈದುನನ ಮಗ ಬಿಟ್ಟುಕೊಳ್ಳುವುದು. ಮೋಟರಿನ ಕರೆಂಟು ಇಡೀ ದಿನ ಇರುವುದಿಲ್ಲ, ಹಗಲಿನಲ್ಲಿ ಕೆಲವು ತಾಸು ಬಂದು ಹೋಗುತ್ತದೆ. ಅಷ್ಟರಲ್ಲಿ ಎಷ್ಟು ಹರಿಯಿತೋ ಅಷ್ಟೇ ನೀರು. ಒಬ್ಬರ ಪಾಳಿ ಇನ್ನೊಬ್ಬರು ತೆಗೆದುಕೊಂಡರೆ ಅದನ್ನು ರೊಕ್ಕದಿಂದ ತೀರಿಸುವ ಪದ್ಧತಿ ಇಲ್ಲ. ಪಾಳಿಗೆ ಪಾಳಿಯನ್ನೇ ಮರಳಿ ಕೊಡಬೇಕು. ಅಣ್ಣತಮ್ಮಂದಿರು ಮಾತು ಬಿಟ್ಟಾಗಲೂ ಈ ಪದ್ಧತಿ ಬಿಟ್ಟಿರಲಿಲ್ಲ.

ಮರುದಿನ ನಮ್ಮ ಪಾಳಿ. ಕರೆಂಟು ಬಂತು. ಮಗ ಬಾವಿಯ ಮೇಲಿನ ಪೆಟ್ಟಿಗೆಯಿಂದ ವಾಯರು ಎಳೆದು ಗಾಡಿಗೆ ಹಚ್ಚಿದ. ಹಸಿರು ದೀಪ ಹತ್ತಿತು, ಮಗನ ಮುಖವೂ ಅರಳಿತು. ಮೋಟರು ಚಾಲು ಮಾಡಿದ, ಕೆಂಪು ದೀಪ ಹತ್ತಿತು. ಮೋಟರು ಎಳೆಯುವಾಗ ಗಾಡಿಗೆ ಸಾಲುವಷ್ಟು ಕರೆಂಟು ಉಳಿಯುತ್ತಿರಲಿಲ್ಲ. ಮೋಟರು ಬಂದ್ ಮಾಡಿದರೆ ಹಸಿರು, ಚಾಲು ಮಾಡಿದರೆ ಕೆಂಪು. ಹಾಗೆ ಬಹಳ ಹೊತ್ತು ಹಸಿರು ಕೆಂಪು ಆಡಿದ ಮೇಲೆ ಮೋಟರು ಬಂದ್ ಮಾಡಿಯೇ ಬಿಟ್ಟ.

"ನೀರೋ?" ಎಂದೆ.

"ಒಂದ ದಿನಾ ಬಿಡಲಿಲ್ಲಂದ್ರ ಕಬ್ಬ ಏನ ಸಾಯತೈತೇನು?"

ಕಬ್ಬು ಸಾಯುವುದಿಲ್ಲ. ಆದರೆ ಕಬ್ಬಿನ ಬದಿಗೆ ನನ್ನ ಮೇವಿನ ತುಂಡು ಇದೆ, ಎಮ್ಮೆಗಳಿಗೆಂದು ಹಾಕಿದ ಹಸಿ ಜೋಳ. ಅಲ್ಲಿ ಮಣ್ಣು ತೆಳುವು. ಬೇಸಿಗೆಯಲ್ಲಿ ಒಂದು ಪಾಳಿ ತಪ್ಪಿದರೆ ಎಲೆ ಸುರುಳಿ ಸುತ್ತುತ್ತದೆ. ಮಗ ಆ ಕಡೆ ನೋಡಲಿಲ್ಲ. ಅವನು ದೀಪ ನೋಡುತ್ತಿದ್ದ.

ಎರಡನೇ ದಿನವೂ ನಮ್ಮ ಪಾಳಿಯ ಕರೆಂಟನ್ನು ಗಾಡಿಯೇ ಕುಡಿಯಿತು. ನಡುನಡುವೆ ಕರೆಂಟು ಹೋಗಿ ಬಂದು ಮಾಡಿದ್ದರಿಂದ ಅದರ ಹೊಟ್ಟೆ ಅರ್ಧವೂ ತುಂಬಿರಲಿಲ್ಲ. ಅಷ್ಟರಲ್ಲೇ ಸಂಜೆಗೆ ಬೀಗರಿಗೆ ತೋರಿಸುತ್ತೇನೆಂದು ರಾಯಬಾಗಕ್ಕೆ ಹೋಗಿ ಅದನ್ನೂ ಖಾಲಿ ಮಾಡಿಕೊಂಡು ಬಂದ. ಮೂರನೇ ದಿನ ಮೈದುನನ ಮಗನ ಪಾಳಿ. ಅವನು ಬರುವ ಮೊದಲೇ ನಮ್ಮವನು ಹೋಗಿ ಪೆಟ್ಟಿಗೆಗೆ ವಾಯರು ಸಿಗಿಸಿ, ಏನೂ ಅರಿಯದವನ ಹಾಗೆ ಚಹಾ ಕುಡಿಯುತ್ತ ಕೂತ.

ಮೈದುನನ ಮಗ ಸಲಿಕೆ ಹೆಗಲ ಮೇಲಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದ. ಅವನು ಜಗಳವನ್ನೂ ನಿಧಾನಕ್ಕೆ ಆಡುವವನು.

"ದೊಡವ್ವಾ, ಇವತ್ತ ಪಾಳಿ ಯಾರದು?"

"ನಿಂದಪಾ."

"ಹಂಗಾದ್ರ ಪೆಟ್ಟಿಗ್ಯಾಗ ಯಾರ ವಾಯರ್ ಜೋತ ಬಿದ್ದೈತಿ? ಮೋಟರ್ ಹಚ್ಚಿದ್ರ ಎಳ್ಯಾಕ ತಯಾರಿಲ್ಲ."

"ನಿನ್ನ ನೀರ ಮುಟ್ಟಿಲ್ಲಲೇ ನಾ," ಎಂದ ನನ್ನ ಮಗ ಚಹಾದ ಬಟ್ಟಲು ಇಡದೆಯೇ. "ಬರೇ ಕರೆಂಟ್ ತಗೊಂಡೇನಿ."

"ಕರೆಂಟ್ ಇಲ್ಲದ ನೀರ ಏನ ಜಿಗದ ಬರತೈತೇನೋ ಅಣ್ಣಾ? ನಿನ್ನ ಕಾರ ಕುಡದಿದ್ದ ನನ್ನ ಪಾಳಿ."

"ಅರ್ಧಾ ತಾಸ ಆಗಿಲ್ಲ."

"ಡೇರ್ಯಾಗ ಮಂದಿ ಅಂದ್ರು, ನಿಮ್ಮಣ್ಣ ಬಾವಿ ಮ್ಯಾಲ ಕಾರ ಕಟ್ಟ್ಯಾನಂತ. ನಾ ಚೇಷ್ಟಿ ಮಾಡಾಕತ್ತಾರ ಅನ್ಕೊಂಡಿದ್ನಿ." ಸಲಿಕೆ ಕೆಳಗಿಟ್ಟ. "ಇವತ್ತಿನ್ದು ಹೋತು. ನಿಮ್ಮ ಮುಂದಿನ ಪಾಳ್ಯಾಗ ಮೊದಲನೇ ದಿನಾ ನಂದು. ಆತಿಲ್ಲೋ?"

ನನ್ನ ಮಗ ಆತು ಎಂದ. ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಸುತ್ತಿನವರ ಮುಂದೆ ಗಾಡಿಯ ಮಾನ ಉಳಿದರೆ ಸಾಕಾಗಿತ್ತು ಅವನಿಗೆ. ಕೊಟ್ಟದ್ದು ನನ್ನ ಮೇವಿನ ನೀರು.

ನಾನು ಎದ್ದು ಮೇವಿನ ತುಂಡಿಗೆ ಹೋದೆ. ಎಲೆ ಸುರುಳಿ ಸುತ್ತಿತ್ತು. ಅಂಥ ಎಳೆಯ ಜೋಳ ಬಾಡಿದಾಗ ದನಕ್ಕೆ ಹಾಕಬಾರದು, ವಿಷ ಮೈಗೆ ಏರುತ್ತದೆ. ಹಳೆಯ ಒಣ ದಂಟು, ಕಣಿಕೆ ಕಡಿದು ಹಾಕಿದೆ. ಎಮ್ಮೆಗಳು ಮೂಸಿ ನೋಡಿ ಮುಖ ತಿರುವಿದವು. ಸಂಜೆ ಹಾಲು ಕ್ಯಾನಿನ ಕೊರಳಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಅಷ್ಟೇ.

ಡೇರಿಯಿಂದ ಬರುವಾಗ ದಾರಿಯಲ್ಲೇ ಎಲ್ಲ ಕೂಡಿ ಬಂತು. ಅದಕ್ಕೇನು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ, ಡೇರಿಯ ಚೀಟಿಯಲ್ಲಿ ಅಂಕಿ ಇಳಿದಿತ್ತು, ಅಷ್ಟೇ. ಮನೆಗೆ ಬಂದು ಮಗನ ಮುಂದೆ ಕ್ಯಾನು ಇಟ್ಟೆ.

"ನನ್ನ ಎಮ್ಮಿ ಹಾಲ ಹಿಂಡಿ ನಿನ್ನ ಗಾಡಿ ಕಂತ ಕಟ್ಟಬೇಕು. ನಿನ್ನ ಗಾಡಿ ನನ್ನ ಎಮ್ಮಿ ಮೇವ ಒಣಗಿಸಬೇಕು. ಹಾಲ ಎಲ್ಲಿಂದ ಬರಬೇಕೋ? ನೀ ಹಿಂಡಿಸಿಕೊಳ್ಳತಿಯೇನು?"

ಮೊಮ್ಮಗಳು ಬಾಯಿಗೆ ಓಡಣಿ ಅಡ್ಡ ಹಿಡಿದಳು. ಮಗ ಹೇಳಿದ, "ಹಂಗಾದ್ರ ಮನಿ ಲೈನಿಗೆ ಹಚ್ಚೂನು."

"ಹಚ್ಚ್ರಿ," ಎಂದಳು ಸೊಸೆ. "ಬಿಲ್ ಬರತೈತಿ, ಬರಲಿ. ಬಿಲ್ ಕಟ್ಟಿದ್ರೂ ಎಣ್ಣಿಕಿಂತಾ ಸೋವಿ ಬೀಳತೈತಿ. ನಾ ದವಾಖಾನ್ಯಾಗ ಕೇಳೇನಿ. ನಿಮ್ಮ ಮೋಟರ್ ಸೈಕಲ್ ಮಾರ್ರಿ, ಅದರ ಕಂತ ತೀರಸ್ರಿ, ಆ ಪಗಾರ ಇದಕ್ಕ ಹಾಕ್ರಿ. ಅತ್ತಿ ಬಿಲ್ ಯಾಕ ಬೇಕು?"

ಇದಕ್ಕಿಂತ ಸರಳ ಮಾತು ಆ ನಾಲ್ಕು ದಿನದಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆದರೆ ಪುಕ್ಕಟೆ ಓಡುವ ಗಾಡಿ ಎಂದು ನಾಲ್ಕು ತಾಲೂಕಿಗೆ ಫೋಟೋ ಕಳಿಸಿದವನು ಈಗ ಬಿಲ್ಲು ಕಟ್ಟಿದರೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಮೋಟರ್ ಸೈಕಲ್ಲು ಮಾರಿದರೆ ಕಾರ್ಖಾನೆಗೆ ಅವನು ಏನು ಹತ್ತಿ ಹೋಗಬೇಕು? ಕಾರು ಹೆಂಗಸರಿಗೆ ಬಿಟ್ಟುಕೊಡಬೇಕಾಗುತ್ತದಲ್ಲ? ಅವನು ನನ್ನ ಕಡೆ ತಿರುಗಿದ. "ಅವ್ವಾ, ಸೋಮವಾರ ಐತಿ, ಸಂಸ್ಥಿಗೆ ಹೋಗೂನು ನಡಿ," ಎಂದ.

ಹೋದೆ. ಬಯ್ಯುವುದಿದ್ದರೆ ಎದುರಿಗೆ ಬಯ್ಯಬೇಕು.

ಮ್ಯಾನೇಜರ್ ನಮ್ಮ ಊರಿನವನೇ. ಪಂಖಾ ನನ್ನ ಕಡೆ ತಿರುಗಿಸಿದ, ಚಹಾ ತರಿಸಿದ. ಸಾಲ ಕೊಡುವವರು ಸಹಿ ಆಗುವವರೆಗೆ ಬಹಳ ಸಭ್ಯರು. ಕಾಗದ ಮುಂದಿಟ್ಟು ಪೆನ್ನು ಬಿಚ್ಚಿ ಕೊಟ್ಟ. ನನಗೆ ಅಕ್ಷರ ಕೂಡಿಸಿ ನನ್ನ ಹೆಸರು ಬರೆಯಲು ಬರುತ್ತದೆ, ಡೇರಿಯ ಚೀಟಿ ಓದಲು ಬರುತ್ತದೆ. ಅವನ ಕಾಗದ ಓದಲು ನನಗೆ ಬರುವುದಿಲ್ಲ, ಅವನೂ ಅದನ್ನು ಓದಿದವನಲ್ಲ. ಅದಕ್ಕೆ ಬಾಯಿಯಿಂದ ಕೇಳಿದೆ.

"ಇಂವನ ಗಾಡಿ ಕೆಟ್ಟ ನಿಂತರ ನನ್ನ ಬಿಲ್ ಬಿಡತೀರೇನು?"

"ಅದ ಬ್ಯಾರೆ, ಇದ ಬ್ಯಾರೆ ಆಯಿ."

"ಎಮ್ಮಿ ಬತ್ತಿದರ?"

"ಮುಂದಿನ ಬಿಲ್ಲಿನ್ಯಾಗ ಕೂಡಿಸಿ ಕಡಕೊಳ್ಳತೀವಿ."

"ಎಮ್ಮಿ ಸತ್ತರ?"

"ಇನ್ನೊಂದ ಎಮ್ಮಿಗೆ ಸಾಲಾ ಕೊಡತೀವಲ್ರಿ," ಎಂದು ನಕ್ಕ. ಅವನಿಗೆ ಅದು ಚೇಷ್ಟೆ ಅನಿಸಿರಬೇಕು.

"ನಾನ ಸತ್ತರ?"

ಅವನು ನನ್ನ ಮಗನ ಮುಖ ನೋಡಿದ. ಮಗ ಪಂಖಾ ನೋಡಿದ.

"ಯಾಕ ಆಯಿ, ಮುಂಜಾನೆದ್ದ ಅಂಥಾ ಮಾತು."

"ಇಂವನ ಪಗಾರ ಬರಸಿಕೊಳ್ರಿ."

"ಅವರ ಪಗಾರ ಎಲ್ಲಾ ಕಂತಿಗೆ ಕಡದ ಹೊಂಟೈತ್ರಿ. ಅದರ ಮ್ಯಾಲ ಹೆಂಗ ನಂಬಿಗಿ ಇಡೂದು?"

"ಕಾರ್ಖಾನಿ ನೌಕರನ್ನ ನಂಬೂದಿಲ್ಲ. ಎಮ್ಮಿ ಕೆಚ್ಚಲಾ ನಂಬತೀರಿ." ಪೆನ್ನಿನ ಟೊಪ್ಪಿಗೆ ಹಾಕಿ ಅವನ ಕಾಗದದ ಮೇಲಿಟ್ಟೆ. "ಹಂಗಾದ್ರ ಕಾರ ಎಮ್ಮಿಗೇ ಕೊಡ್ರಿ. ಅದ ಹೊಡಕೊಂಡ ಹೋಗಲಿ."

ಚಹಾ ಕುಡಿದೇ ಎದ್ದೆ. ಬಿಟ್ಟು ಬರಲು ಅದೇನು ಅವನಪ್ಪನ ಮನೆಯದಲ್ಲ, ನಮ್ಮಂಥವರ ಬಡ್ಡಿಯದು.

ಗಾಡಿ ಮರಳಿ ನಿಪ್ಪಾಣಿಗೆ ಹೋಯಿತು. ಅಷ್ಟು ದೂರ ಹೋಗಲು ಅದರ ಹೊಟ್ಟೆಯಲ್ಲಿದ್ದದ್ದು ಸಾಲುತ್ತಿರಲಿಲ್ಲ, ಅದಕ್ಕೆ ಕೊನೆಗೆ ಮನೆಯ ಲೈನಿಗೇ ಹಚ್ಚಿ ತುಂಬಿಸಿದ. ಆ ತಿಂಗಳ ಬಿಲ್ಲು ಸೊಸೆ ಕಟ್ಟಿದಳು. ಅತ್ತರಿನವನು ಮೋಟರ್ ಸೈಕಲ್ಲು ಕೊಟ್ಟ, ಆಡಿದ ಮಾತಿನಂತೆ ಇಸಾರ ನುಂಗಿಕೊಂಡ. ಫೋಟೋ ನೋಡಿದ ಬೀಗರು ಇವತ್ತಿಗೂ ಕಾರು ಎಲ್ಲಿ ಎಂದು ಕೇಳುತ್ತಾರೆ. ರಿಪೇರಿಗೆ ಬಿಟ್ಟೇನಿ ಎಂದು ಮಗ ಹೇಳುತ್ತಾನೆ.

ಅವನು ನನ್ನ ಸಂಗಡ ಮಾತು ಬಿಟ್ಟ. ಸಣ್ಣವನಿದ್ದಾಗಲೂ ಹಾಗೇ, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಸೊಸೆ ಮಾತು ಬಿಡಲಿಲ್ಲ, ಆದರೆ ಒಂದು ಸಂಜೆ ಕಾಲು ತಿಕ್ಕಿಕೊಳ್ಳುತ್ತ ಹೇಳಿದಳು.

"ನೀವ ಮಾಡಿದ್ದ ಬರೋಬ್ಬರಿ ಐತ್ರಿ ಅತ್ತಿ. ಆದ್ರ ನಾ ಇವತ್ತೂ ನಿಂತ ಬಂದೇನಿ."

ಅವಳು ನಿಂತೇ ಬಂದಿದ್ದಳು. ಬಿಸಿನೀರು ಕಾಯಿಸಿ ಕೊಟ್ಟೆ.

ಮೈದುನನ ಮಗ ತನಗೆ ಬರಬೇಕಾದ ಪಾಳಿ ತೆಗೆದುಕೊಂಡ. ಅದಾದ ಮೇಲೆ ನಮ್ಮದು ನಮಗೆ ಬಂತು, ಮೇವಿಗೆ ನೀರು ಹರಿಯಿತು. ಹಾಲು ಪೂರಾ ಮೊದಲಿನಂತೆ ಆಗಲಿಲ್ಲ, ಆದರೂ ಬಿಲ್ಲು ಆಯಿತು. ರೊಕ್ಕ ತಂದು ಸೀರೆಗೆ ಗಂಟು ಹಾಕಿ, ತಂಬಾಕು ಹುರಿದು, ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದೆ.

ಮಗ ಮೋಟರ್ ಸೈಕಲ್ಲಿಗೆ ಒದ್ದ. ಮತ್ತೆ ಒದ್ದ. ಟಾಕಿಯ ಮುಚ್ಚಳ ತೆಗೆದು ಒಳಗೆ ನೋಡಿದ, ಗಾಡಿ ಅಲ್ಲಾಡಿಸಿ ಕಿವಿಗೊಟ್ಟ. ಕಾರ್ಖಾನೆಯ ಪಗಾರ ಆಗಲು ಇನ್ನೂ ದಿನ ಇತ್ತು. ಸೊಸೆ ಮೊದಲ ಬಸ್ಸಿಗೇ ಹೋಗಿದ್ದಳು. ಅವನು ನನ್ನ ಮುಂದೆ ಬಂದು ನಿಂತ, ಎಮ್ಮೆಯ ಕಡೆ ನೋಡುತ್ತ.

"ಅವ್ವಾ, ಎಣ್ಣಿಗೆ ಸ್ವಲ್ಪ ರೊಕ್ಕಾ ಬೇಕಾಗಿತ್ತು."

ನಾನು ಮಿಶ್ರಿ ತಿಕ್ಕುವುದು ಮುಗಿಸಿದೆ. ಬಚ್ಚಲಿಗೆ ಹೋಗಿ ಬಾಯಿ ತೊಳೆದು ಬಂದೆ. ಅವನು ಅಲ್ಲೇ ನಿಂತಿದ್ದ. ಗಂಟಿಗೆ ಕೈ ಹಾಕಿದೆ, ಬಿಚ್ಚುವ ಮೊದಲು ಕೇಳಿದೆ.

"ಮೊನ್ನೆ ಕೊಟ್ಟಿದ್ದ ಏನಾತು?"